ಬಿಳಿ ಓಮ್ನಿ ಇನ್ನೂ ಓಡುತ್ತಿದೆ: ಕಾಣೆಯಾದ ಮಗು ಮತ್ತು ಊರವರ ತನಿಖೆ

ಕಾಫಿ ಕೊಯ್ಲಿನ ಸಮಯ. ಕೊಡಗಿನ ಸಿದ್ದಾಪುರ ಕಡೆಯ ಒಂದು ತೋಟ. ತೋಟದ ಕಾರ್ಮಿಕರ ಸಾಲುಮನೆಯ, ಅಂದರೆ ಲೈನ್ ಮನೆಯ, ಐದು ವರ್ಷದ ಹುಡುಗ ಮಧ್ಯಾಹ್ನ ಊಟಕ್ಕೆ ಬರಲಿಲ್ಲ. ಅಪ್ಪ ಅಮ್ಮ ಇಬ್ಬರೂ ಕೊಯ್ಲಿಗೆ ಹೋಗಿದ್ದರು, ಅವನನ್ನು ನೋಡಿಕೊಳ್ಳಬೇಕಿದ್ದ ಅಕ್ಕನಿಗೇ ಎಂಟು ವರ್ಷ. ಮೂರು ಗಂಟೆಗೆ ಹುಡುಕಾಟ ಶುರುವಾಯಿತು. ಮೂರೂವರೆಗೆ ತೋಟದ ಗುಮಾಸ್ತ ರೈಟರ್ ಬಂದು, "ಸಾರ್, ಬೆಳಿಗ್ಗೆ ಕಂಬಳಿ ಮಾರೋನೊಬ್ಬ ಲೈನ್ ಹತ್ರ ಬಂದಿದ್ದ" ಅಂದ. ನಾಲ್ಕು ಗಂಟೆ ಹೊತ್ತಿಗೆ ಕಂಬಳಿ ಮಾರುವವರು ಇಬ್ಬರಾದರು. ನಾಲ್ಕೂವರೆಗೆ ಗೇಟಿನ ಹತ್ತಿರ ಒಂದು ಬಿಳಿ ಓಮ್ನಿ ವ್ಯಾನ್ ಬಂದು ನಿಂತಿತು. ಐದು ಗಂಟೆಗೆ, ಬಸ್ ತಂಗುದಾಣದಲ್ಲಿ ಕಂಬಳಿ ಗಂಟಿಟ್ಟುಕೊಂಡು ಕೂತಿದ್ದ ಒಬ್ಬ ಮನುಷ್ಯನನ್ನು ಮೂವತ್ತು ಜನ ಸುತ್ತುಗಟ್ಟಿದ್ದರು. ಅವನಿಗೆ ಕನ್ನಡ ಬರುತ್ತಿರಲಿಲ್ಲ. ಹಿಂದಿಯಲ್ಲಿ ಏನೇನೋ ಹೇಳುತ್ತಿದ್ದ, ಹೇಳಿದಷ್ಟೂ ಅನುಮಾನ ಬಲಿಯುತ್ತಿತ್ತು. ಐದೂವರೆಗೆ ಹುಡುಗ ಸಿಕ್ಕ. ಗೋದಾಮಿನ ಹಿಂಬದಿಯಲ್ಲಿ, ಕಾಫಿ ಚೆರ್ರಿ ತುಂಬಿದ ಚೀಲಗಳ ಸಂದಿಯಲ್ಲಿ ಮಲಗಿ ನಿದ್ದೆ ಹೋಗಿದ್ದ. ಕೆನ್ನೆಯ ಮೇಲೆ ಗೋಣಿ ನೇಯ್ಗೆಯ ಅಚ್ಚು ಬಿದ್ದಿತ್ತು.

ಓಮ್ನಿ ನೋಡಿದ್ದು ಯಾರು ಅಂತ ಆಮೇಲೆ ನಾನು ಕೇಳುತ್ತಾ ಹೋದೆ. ಪ್ರತಿಯೊಬ್ಬರೂ ಇನ್ನೊಬ್ಬರ ಹೆಸರು ಹೇಳಿದರು. ಕೊನೆಗೆ ಸುತ್ತಿ ಬಂದು ನಿಂತದ್ದು ಮೊದಲು ಕೇಳಿದವನ ಬಳಿಗೇ. ಮಾರುತಿ ಕಂಪನಿ ಓಮ್ನಿ ತಯಾರಿಸುವುದನ್ನು 2019ರಲ್ಲೇ ನಿಲ್ಲಿಸಿದೆ. ನಮ್ಮ ಕಡೆ ಮಕ್ಕಳು ಕಾಣೆಯಾದಾಗ ಮಾತ್ರ ಅದು ಇನ್ನೂ ಹೊಸದಾಗಿ ರಸ್ತೆಗಿಳಿಯುತ್ತದೆ.

ಹುಡುಗ ಸಿಕ್ಕಿದ್ದರಿಂದ ಇದನ್ನು ನಗುತ್ತಾ ಹೇಳಬಹುದು. ಸಿಗದೇ ಹೋದ ಮಕ್ಕಳ ವಿಷಯ ಬೇರೆ. ದಿನ ವಾರವಾಗಿ, ವಾರ ವರ್ಷವಾಗಿ, ಪೊಲೀಸರು ಏನೂ ಹೇಳದೆ, ಮನೆಯವರಿಗೆ ಏನೂ ತಿಳಿಯದೆ ಉಳಿಯುವ ಪ್ರಕರಣಗಳಿವೆ. ಅಂಥ ಕಡೆ ಊರವರ ತನಿಖೆ ನಿಲ್ಲುವುದೇ ಇಲ್ಲ. ಹೋಟೆಲಿನ ಬೆಂಚಿನ ಮೇಲೆ, ಸಂತೆಯಲ್ಲಿ, ಮೊಬೈಲಿನಲ್ಲಿ ಅದು ದಿನಕ್ಕೊಂದು ಆರೋಪಿಯನ್ನು ಹಿಡಿಯುತ್ತದೆ. ಅದು ಹೇಗೆ ನಡೆಯುತ್ತದೆ, ನಿಜವಾದ ತನಿಖೆಗೆ ಅದರಿಂದ ಏನಾಗುತ್ತದೆ ಅನ್ನುವುದನ್ನು ನೋಡೋಣ.

ಮೊದಲು ಒಂದು ಲೆಕ್ಕ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ ಕಾಣೆಯಾದರೆಂದು ದಾಖಲಾದ ಮಕ್ಕಳು 83 ಸಾವಿರಕ್ಕೂ ಹೆಚ್ಚು. ಅದರಲ್ಲಿ ಸುಮಾರು 63 ಸಾವಿರ ಹುಡುಗಿಯರು. ಅದೇ ವರ್ಷ ಪತ್ತೆಯಾದವರು 80 ಸಾವಿರಕ್ಕೂ ಹೆಚ್ಚು. ನಾವು ಮನಸ್ಸಿನಲ್ಲಿ ಇಟ್ಟುಕೊಂಡಿರುವ ಚಿತ್ರ ಅಂಗಳದಲ್ಲಿ ಆಡುತ್ತಿದ್ದ ಪುಟ್ಟ ಮಗುವನ್ನು ಯಾರೋ ಎತ್ತಿಕೊಂಡು ಹೋದದ್ದು. ಲೆಕ್ಕ ತೋರಿಸುವ ಚಿತ್ರ ಬೇರೆ: ಕಾಣೆಯಾಗುವ ನಾಲ್ವರಲ್ಲಿ ಮೂವರು ಹುಡುಗಿಯರು. ಮನೆಯಲ್ಲಿ ಹೊಡೆತ, ಮದುವೆಯ ಒತ್ತಾಯ, ಪ್ರೀತಿ, ಪರೀಕ್ಷೆಯ ಫಲಿತಾಂಶ, ಮನೆಗೆಲಸಕ್ಕೆಂದು ದೂರದ ಊರಿಗೆ ಕಳಿಸಿದ್ದು, ಕೆಲಸ ಕೊಡಿಸುತ್ತೇನೆಂದು ಬಂದ ನೆಂಟರವನು. ಇವುಗಳಲ್ಲಿ ಯಾವುದಕ್ಕೂ ಓಮ್ನಿ ಬೇಕಾಗಿಲ್ಲ.

ಗೊಂದಲ ಹುಟ್ಟುವ ಒಂದು ಜಾಗ ಎಫ್‌ಐಆರ್‌ನಲ್ಲೇ ಇದೆ. ಇದನ್ನು ಗಮನಿಸಿದವರು ಕಡಿಮೆ. 2013ರ ಮೇ 10ರಂದು, ಮಕ್ಕಳ ಹಕ್ಕಿಗಾಗಿ ಕೆಲಸ ಮಾಡುವ ಬಚ್‌ಪನ್ ಬಚಾವೋ ಆಂದೋಲನ ಎಂಬ ಸಂಘಟನೆಯ ಅರ್ಜಿಯಲ್ಲಿ ಸುಪ್ರೀಂ ಕೋರ್ಟ್ ಒಂದು ಸ್ಪಷ್ಟ ಆದೇಶ ಕೊಟ್ಟಿತು. ಮಗು ಕಾಣೆಯಾಗಿದೆ ಎಂದು ದೂರು ಬಂದರೆ ಎಫ್‌ಐಆರ್ ದಾಖಲಿಸಲೇಬೇಕು. ಬೇರೆ ಏನಾದರೂ ಗೊತ್ತಾಗುವವರೆಗೆ ಅದು ಅಪಹರಣ ಅಥವಾ ಸಾಗಣೆ ಎಂದೇ ಭಾವಿಸಿ ತನಿಖೆ ನಡೆಸಬೇಕು. ಅಲ್ಲಿಯವರೆಗೆ ಠಾಣೆಗೆ ಹೋದರೆ "ನೆಂಟರ ಮನೆಗೆ ಹೋಗಿರ್ತಾನೆ, ಇಪ್ಪತ್ನಾಲ್ಕು ಗಂಟೆ ನೋಡಿ" ಅನ್ನುವ ಮಾತು ಮಾಮೂಲಾಗಿತ್ತು. ಹಾಗೆ ಕಾಯಬೇಕೆಂಬ ನಿಯಮ ಎಲ್ಲಿಯೂ ಇಲ್ಲ. ಆದೇಶ ಬಂದದ್ದು ಒಳ್ಳೆಯದೇ ಆಯಿತು. ಪೊಲೀಸರು ಮೊದಲ ಗಂಟೆಯಿಂದಲೇ ಕೆಲಸ ಮಾಡಲಿ ಎಂಬ ಉದ್ದೇಶದ ಕಾನೂನಿನ ಊಹೆ ಅದು. ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 137ನೇ ಸೆಕ್ಷನ್ ಅಡಿ ದಾಖಲಾಗುತ್ತದೆ, ಹಿಂದೆ ಐಪಿಸಿ 363 ಇತ್ತು.

ಮಾರನೇ ದಿನ ಪತ್ರಿಕೆಯಲ್ಲಿ ಬರುವುದು "ಬಾಲಕಿ ಕಾಣೆ: ಅಪಹರಣ ಪ್ರಕರಣ ದಾಖಲು" ಎಂದು. ಓದಿದವರಿಗೆ ಅರ್ಥವಾಗುವುದು ಪೊಲೀಸರಿಗೆ ಅಪಹರಣದ ಸುಳಿವು ಸಿಕ್ಕಿದೆ ಅಂತ. ಸಿಕ್ಕಿರುವುದಿಲ್ಲ. ಮಗು ತೋಡಿಗೆ ಬಿದ್ದಿದ್ದರೂ, ಗೆಳತಿಯ ಮನೆಯಲ್ಲಿದ್ದರೂ, ಗೋದಾಮಿನಲ್ಲಿ ನಿದ್ದೆ ಮಾಡುತ್ತಿದ್ದರೂ ಎಫ್‌ಐಆರ್‌ನಲ್ಲಿ ಅದೇ ಸೆಕ್ಷನ್ ಇರುತ್ತದೆ. ಹುಡುಕಾಟಕ್ಕೆ ವೇಗ ಕೊಡಲು ಬರೆದ ಸೆಕ್ಷನ್ ಜನರ ಬಾಯಲ್ಲಿ ತೀರ್ಪಾಗಿ ಕೂರುತ್ತದೆ. ವರದಿ ಬರೆಯುವವರು ಒಂದು ವಾಕ್ಯ ಹೆಚ್ಚು ಬರೆದರೆ ಸಾಕಿತ್ತು. ಬರೆಯುವುದಿಲ್ಲ, ಏಕೆಂದರೆ ಆ ವಾಕ್ಯ ಶೀರ್ಷಿಕೆಯ ಬಿಸಿಯನ್ನು ಆರಿಸಿಬಿಡುತ್ತದೆ.

ಕೊಡಗಿನಲ್ಲಿ ಈ ಊಹೆ ಹರಿಯುವ ದಾರಿಗೂ ಇಲ್ಲಿನ ನೆಲಕ್ಕೂ ಸಂಬಂಧ ಇದೆ. 4,102 ಚದರ ಕಿಲೋಮೀಟರಿನ ಜಿಲ್ಲೆ, 2011ರ ಜನಗಣತಿಯಂತೆ 5.54 ಲಕ್ಷ ಜನ. ರೈಲು ಇಲ್ಲ. ಹೊರಗೆ ಹೋಗಬೇಕೆಂದರೆ ಕುಶಾಲನಗರ, ಸಂಪಾಜೆ, ಆನೆಚೌಕೂರು, ಕುಟ್ಟ, ಮಾಕುಟ್ಟ, ಕರಿಕೆ, ಶನಿವಾರಸಂತೆ ಕಡೆ ಹೀಗೆ ಬೆರಳೆಣಿಕೆಯ ದಾರಿಗಳು. ಆದ್ದರಿಂದ ಮಗು ಕಾಣೆಯಾದ ಕೂಡಲೇ ಎಲ್ಲರ ಮನಸ್ಸು ಚೆಕ್‌ಪೋಸ್ಟಿಗೆ ಓಡುತ್ತದೆ. "ಇಷ್ಟೊತ್ತಿಗೆ ಮಾಕುಟ್ಟ ದಾಟಿರ್ತಾರೆ" ಅನ್ನುವ ಮಾತು ನಾನು ಎಷ್ಟು ಸಲ ಕೇಳಿದ್ದೇನೋ. ಚೆಕ್‌ಪೋಸ್ಟ್ ನೋಡಬೇಕು, ತಪ್ಪಲ್ಲ. ಆದರೆ ಹತ್ತಿರದ ಜಾಗಗಳು ಅಷ್ಟರಲ್ಲಿ ಮರೆತುಹೋಗುತ್ತವೆ.

ಹತ್ತಿರದ ಜಾಗ ಎಂದರೆ ಇಲ್ಲಿ ನೀರು. ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಹಾಕಲೆಂದು ರೊಬಸ್ಟಾ ಕಾಫಿ ತೋಟದವರು ಕೆರೆ ತೋಡಿಸಿರುತ್ತಾರೆ. ಹೆಚ್ಚಿನವಕ್ಕೆ ಬೇಲಿ ಇಲ್ಲ, ಅಂಚು ಕಡಿದಾಗಿ ಕೆಸರು. ಮಳೆಗಾಲದಲ್ಲಿ ತೋಡುಗಳು ಒಂದು ಗಂಟೆಯಲ್ಲಿ ತುಂಬುತ್ತವೆ. ಲೈನ್ ಮನೆಯ ಮಕ್ಕಳು ಇದರ ಪಕ್ಕದಲ್ಲೇ ಬೆಳೆಯುತ್ತಾರೆ. ಆದರೂ ಹುಡುಕುವಾಗ ಕೆರೆಗೆ ಇಳಿಯುವುದು ಕೊನೆಗೆ. ಇದರಲ್ಲಿ ದಡ್ಡತನ ಇಲ್ಲ. ಕೆರೆಗೆ ಇಳಿಯುವುದೆಂದರೆ ಒಪ್ಪಿಕೊಂಡ ಹಾಗೆ. ಯಾರೋ ಎತ್ತಿಕೊಂಡು ಹೋಗಿದ್ದಾರೆ ಎಂದಾದರೆ ಮಗು ಎಲ್ಲೋ ಜೀವಂತ ಇದೆ ಎಂದೇ ಅರ್ಥ. ತಾಯಿಗೆ ಅಪಹರಣ ಎನ್ನುವುದೊಂದು ಆಸೆ. ಸುತ್ತ ನಿಂತವರಿಗೆ ಅದು ಬೇರೆಯೇ ಏನೋ. ಬೈಯಲಿಕ್ಕೆ ಒಂದು ಮುಖ ಸಿಗುತ್ತದೆ.

ಪಕ್ಕದ ಕೇರಳದ ಒಂದೇ ಜಿಲ್ಲೆಯ ಎರಡು ಘಟನೆಗಳನ್ನು ನಮ್ಮ ಕಡೆಯವರೂ ಟಿವಿಯಲ್ಲಿ ನೋಡಿದ್ದಾರೆ. 2020ರ ಫೆಬ್ರವರಿಯಲ್ಲಿ ಕೊಲ್ಲಂ ಜಿಲ್ಲೆಯ ಒಬ್ಬ ಪುಟ್ಟ ಹುಡುಗಿ ಮನೆಯಿಂದ ಕಾಣೆಯಾದಳು. ಇಡೀ ರಾಜ್ಯ ಅಪಹರಣ ಎಂದುಕೊಂಡು ವಾಹನ ತಪಾಸಣೆಗೆ ಇಳಿಯಿತು. ಮಾರನೇ ಬೆಳಿಗ್ಗೆ ಮನೆಗೆ ದೂರವಲ್ಲದ ನದಿಯಲ್ಲಿ ಶವ ಸಿಕ್ಕಿತು. 2023ರ ನವೆಂಬರಿನಲ್ಲಿ ಅದೇ ಜಿಲ್ಲೆಯಲ್ಲಿ ಆರು ವರ್ಷದ ಹುಡುಗಿಯನ್ನು ನಿಜವಾಗಿಯೂ ಕಾರಿನಲ್ಲಿ ಬಂದವರು ಎತ್ತಿಕೊಂಡು ಹೋದರು. ಹುಡುಕಾಟದ ಕಾವು ತಡೆಯಲಾರದೆ ಮರುದಿನ ಮೈದಾನವೊಂದರಲ್ಲಿ ಬಿಟ್ಟು ಹೋದರು. ಮೊದಲ ಪ್ರಕರಣ ಗೊತ್ತಿದ್ದವರು ಎರಡನೆಯದರಲ್ಲಿ ನದಿ ಮಾತ್ರ ಹುಡುಕಿದ್ದರೆ ಏನಾಗುತ್ತಿತ್ತು? ಹಿಂದಿನ ಕತೆ ಈಗಿನ ಕತೆಗೆ ಸಾಕ್ಷಿಯಲ್ಲ. ಅದಕ್ಕೇ ಎರಡೂ ಕಡೆ ಒಟ್ಟಿಗೆ ನೋಡಬೇಕಾಗುತ್ತದೆ, ಅದಕ್ಕೆ ಜನ ಬೇಕು, ಜನ ಬಸ್ ತಂಗುದಾಣದಲ್ಲಿ ಕಂಬಳಿಯವನನ್ನು ಸುತ್ತುಗಟ್ಟಿ ನಿಂತಿರಬಾರದು.

ಊಹೆಗೆ ಒಂದು ನಡೆ ಇದೆ. ಮೊದಲ ದಿನಗಳಲ್ಲಿ ಅದು ಹೊರಗಿನವನನ್ನು ಹಿಡಿಯುತ್ತದೆ. ಕಂಬಳಿಯವನು, ಐಸ್‌ಕ್ರೀಮಿನವನು, ಗುಜರಿಯವನು, ಈಗ ಹತ್ತು ಹದಿನೈದು ವರ್ಷಗಳಿಂದ ತೋಟಗಳಿಗೆ ಬರುತ್ತಿರುವ ಅಸ್ಸಾಂ, ಜಾರ್ಖಂಡ್ ಕಡೆಯ ಕಾರ್ಮಿಕರು. ಅವರ ಗುರುತಿನ ಚೀಟಿ ಕೇಳುವವರಿಗೆ ಅವರ ಮಕ್ಕಳ ಹೆಸರು ಗೊತ್ತಿರುವುದಿಲ್ಲ. ಹೊರಗಿನವನ ಮೇಲೆ ಏನೂ ಸಿಗದಿದ್ದರೆ ಊಹೆ ಒಂದು ವಾರ ಸುಮ್ಮನಿದ್ದು, ಆಮೇಲೆ ತಿರುಗಿ ಮನೆಯೊಳಗೆ ನುಗ್ಗುತ್ತದೆ. ತಾಯಿ ಅಳಲಿಲ್ಲ. ತಂದೆ ಮೂರನೇ ದಿನ ಕೆಲಸಕ್ಕೆ ಹೋದ. ಚಿಕ್ಕಪ್ಪನಿಗೆ ಜಾಗದ ತಕರಾರಿತ್ತು.

ಇದು ಹೋಟೆಲಿನ ಬೆಂಚಿಗೆ ಮಾತ್ರ ಅಂಟಿದ ರೋಗವಲ್ಲ. 2008ರಲ್ಲಿ ನೋಯ್ಡಾದಲ್ಲಿ ಹದಿಹರೆಯದ ಹುಡುಗಿಯೊಬ್ಬಳು ಮನೆಯಲ್ಲೇ ಕೊಲೆಯಾದಾಗ, ಅದೇ ಮನೆಯ ಕೆಲಸದವನು ಕಾಣೆಯಾಗಿದ್ದ. ಪೊಲೀಸರೂ ಟಿವಿಯವರೂ ಅವನೇ ಕೊಲೆಗಾರ ಎಂದುಕೊಂಡರು. ಮರುದಿನ ಅವನ ಶವ ಅದೇ ಮನೆಯ ತಾರಸಿಯ ಮೇಲೆ ಸಿಕ್ಕಿತು. ಅವನನ್ನು ಊರೆಲ್ಲ ಹುಡುಕುತ್ತಿದ್ದಾಗ ಅವನು ತಲೆಯ ಮೇಲೇ ಇದ್ದ. ಆಮೇಲೆ ಬೆರಳು ತಂದೆತಾಯಿಯ ಕಡೆ ತಿರುಗಿತು. 2013ರಲ್ಲಿ ಶಿಕ್ಷೆ, 2017ರಲ್ಲಿ ಅಲಹಾಬಾದ್ ಹೈಕೋರ್ಟಿನಿಂದ ಬಿಡುಗಡೆ.

ತಾಯಿ ಅಳಲಿಲ್ಲ ಅನ್ನುವ ಸಾಕ್ಷ್ಯ ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ಆಸ್ಟ್ರೇಲಿಯಾದ ಒಂದು ಪ್ರಕರಣವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಅದು ಕಾಡಂಚಿನ ಕತೆಯಾದ್ದರಿಂದ ನಮಗೆ ಬೇಗ ಅರ್ಥವಾಗುತ್ತದೆ. 1980ರ ಆಗಸ್ಟ್ 17ರ ರಾತ್ರಿ, ಉಲುರು ಬಂಡೆಯ ಬಳಿ ಡೇರೆ ಹಾಕಿದ್ದ ಚೇಂಬರ್ಲೇನ್ ಕುಟುಂಬದ ಒಂಬತ್ತು ವಾರದ ಹಸುಗೂಸು ಅಜಾರಿಯಾ ಡೇರೆಯೊಳಗಿಂದ ಕಾಣೆಯಾಯಿತು. ಡಿಂಗೊ, ಅಂದರೆ ಅಲ್ಲಿನ ಕಾಡುನಾಯಿ, ಮಗುವನ್ನು ಕಚ್ಚಿಕೊಂಡು ಹೋಯಿತು ಎಂದು ತಾಯಿ ಲಿಂಡಿ ಕೂಗಿದಳು. ಆ ನೆಲದ ಮೂಲನಿವಾಸಿ ಹೆಜ್ಜೆಜಾಡುಗಾರರು ಮರಳಿನಲ್ಲಿ ಡಿಂಗೊ ಹೆಜ್ಜೆ ನೋಡಿದರು. ಮೊದಲ ವಿಚಾರಣೆಯೂ ಅದನ್ನೇ ಒಪ್ಪಿತು. ದೇಶ ಒಪ್ಪಲಿಲ್ಲ. ಟಿವಿಯಲ್ಲಿ ಆಕೆ ಕಲ್ಲಿನ ಹಾಗೆ ಕೂತು ಉತ್ತರ ಕೊಟ್ಟಳು, ಕಣ್ಣೀರಿಲ್ಲ. ಅವರದು ಜನಕ್ಕೆ ಅಷ್ಟಾಗಿ ಗೊತ್ತಿಲ್ಲದ ಕ್ರೈಸ್ತ ಪಂಗಡ. ಮಗುವಿನ ಹೆಸರಿಗೆ "ಕಾಡಿನಲ್ಲಿ ಬಲಿ" ಎಂಬ ಅರ್ಥ ಇದೆ ಎಂದು ಯಾರೋ ಹಬ್ಬಿಸಿದರು, ಆ ಹೆಸರಿಗೆ ಅಂಥ ಅರ್ಥವೇ ಇಲ್ಲ. ಕಾರಿನಲ್ಲಿ ಮಗುವಿನ ರಕ್ತ ಸಿಕ್ಕಿದೆ ಎಂದು ತಜ್ಞರು ಹೇಳಿದರು. 1982ರಲ್ಲಿ ಲಿಂಡಿಗೆ ಜೀವಾವಧಿ ಶಿಕ್ಷೆಯಾಯಿತು. 1986ರಲ್ಲಿ ಬೇರೆ ಯಾರನ್ನೋ ಹುಡುಕುತ್ತಿದ್ದಾಗ ಬಂಡೆಯ ಬುಡದಲ್ಲಿ, ಡಿಂಗೊ ಗುಹೆಗಳಿರುವ ಕಡೆ, ಮಗುವಿನ ಮೇಲಂಗಿ ಸಿಕ್ಕಿತು. ಕಾರಿನ "ರಕ್ತ" ಎಂದದ್ದರಲ್ಲಿ ಮುಖ್ಯವಾದದ್ದು ಕಾರ್ಖಾನೆಯಲ್ಲಿ ಸದ್ದು ತಡೆಯಲು ಸಿಂಪಡಿಸುವ ಡಾಂಬರಿನಂಥ ಲೇಪ ಎಂದು ಗೊತ್ತಾಯಿತು. 1988ರಲ್ಲಿ ಶಿಕ್ಷೆ ರದ್ದಾಯಿತು. ಮಗುವಿನ ಸಾವಿಗೆ ಡಿಂಗೊ ಕಾರಣ ಎಂದು ಅಧಿಕೃತವಾಗಿ ದಾಖಲಾದದ್ದು 2012ರಲ್ಲಿ. ಮೂವತ್ತೆರಡು ವರ್ಷ.

ಈ ಕತೆಯಲ್ಲಿ ನನ್ನನ್ನು ಕಾಡುವುದು ಹೆಜ್ಜೆಜಾಡುಗಾರರು. ಆ ನೆಲವನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ಮೊದಲ ರಾತ್ರಿಯೇ ಉತ್ತರ ಹೇಳಿದ್ದರು. ನಮ್ಮಲ್ಲೂ ಜೇನುಕುರುಬರು, ಎರವರು ಇದ್ದಾರೆ. ಆನೆ ಯಾವ ಕಡೆ ಇಳಿದಿದೆ, ಹುಲ್ಲು ಯಾವಾಗ ಮಡಚಿದೆ ಎಂದು ಹೇಳಬಲ್ಲವರು. ಹುಡುಕಾಟದ ದಿನ ಅವರನ್ನು ಕರೆಯುವುದು ಟಾರ್ಚ್ ಹಿಡಿಯಲಿಕ್ಕೆ, ಅಭಿಪ್ರಾಯ ಕೇಳಲಿಕ್ಕಲ್ಲ. ಅವರು ನೋಡಬೇಕಾದ ನೆಲವನ್ನು ಅಷ್ಟರಲ್ಲಿ ಐವತ್ತು ಜನ ತುಳಿದಾಗಿರುತ್ತದೆ. ಶ್ವಾನದಳ ಬಂದಾಗಲೂ ಅದೇ ಕತೆ. ಸಂಜೆ ಆರರ ಮೇಲೆ ಆನೆ ಭಯಕ್ಕೆ ಪಟಾಕಿ ಹೊಡೆಯುತ್ತಾ, ಕೂಗುತ್ತಾ ಗುಂಪಾಗಿ ಹೋಗಬೇಕು. ಹಾಗೆ ಹೋದರೆ ಹೆದರಿ ಅಡಗಿದ ಮಗು ಇನ್ನೂ ಒಳಗೆ ಸರಿಯುತ್ತದೆ.

ಇನ್ನು ನೆನಪಿನ ವಿಷಯ. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಎಂಬ ಮನಶ್ಶಾಸ್ತ್ರಜ್ಞೆ ಕಾರು ಅಪಘಾತದ ಒಂದೇ ಚಲನಚಿತ್ರದ ತುಣುಕನ್ನು ಜನರಿಗೆ ತೋರಿಸಿ, ಪ್ರಶ್ನೆಯಲ್ಲಿ ಒಂದು ಶಬ್ದ ಮಾತ್ರ ಬದಲಿಸಿದರು. ಕಾರುಗಳು "ತಾಗಿದವು" ಎಂದು ಕೇಳಿಸಿಕೊಂಡವರಿಗಿಂತ "ಅಪ್ಪಳಿಸಿದವು" ಎಂದು ಕೇಳಿಸಿಕೊಂಡವರು ಹೆಚ್ಚು ವೇಗ ಹೇಳಿದರು, ಚಿತ್ರದಲ್ಲಿ ಇರದಿದ್ದ ಒಡೆದ ಗಾಜನ್ನೂ ಅವರಲ್ಲೇ ಹೆಚ್ಚು ಜನ ನೆನಪಿಸಿಕೊಂಡರು. 2002ರಲ್ಲಿ ವಾಷಿಂಗ್ಟನ್ ಸುತ್ತಮುತ್ತ ಅಡಗಿ ಗುಂಡು ಹಾರಿಸಿ ಜನರನ್ನು ಕೊಂದವರ ಹುಡುಕಾಟದಲ್ಲಿ ಬಿಳಿ ವ್ಯಾನಿನ ಸುದ್ದಿ ಒಮ್ಮೆ ಹೊರಬಿದ್ದ ಮೇಲೆ ಎಲ್ಲ ಕಡೆ ಜನರಿಗೆ ಬಿಳಿ ವ್ಯಾನೇ ಕಂಡಿತು. ಹಂತಕರಿದ್ದದ್ದು ನೀಲಿ ಕಾರಿನಲ್ಲಿ. ಸಾಕ್ಷಿಗಳು ಸುಳ್ಳು ಹೇಳಲಿಲ್ಲ. ಕೇಳಿದ್ದು ಕಂಡದ್ದರ ಜೊತೆ ಬೆರೆತು ಹೋಗಿತ್ತು. ಲೈನ್ ಮನೆಯ ಎಂಟು ವರ್ಷದ ಆ ಅಕ್ಕ ಇದ್ದಳಲ್ಲ, ಅವಳನ್ನು ಆ ಸಂಜೆ ಕನಿಷ್ಠ ಹತ್ತು ಜನ "ಕಂಬಳಿಯವನು ನಿನ್ನ ತಮ್ಮನ ಹತ್ರ ಏನು ಮಾತಾಡಿದ?" ಎಂದು ಕೇಳಿದ್ದರು. ಐದು ಗಂಟೆ ಹೊತ್ತಿಗೆ ಅವಳಿಗೆ ಅವನು ಕೊಟ್ಟ ಬಿಸ್ಕತ್ತಿನ ಬಣ್ಣವೂ ನೆನಪಾಗಿತ್ತು. ಹುಡುಗ ಸಿಗದೇ ಹೋಗಿದ್ದರೆ ಆ ಬಿಸ್ಕತ್ತು ಪಂಚನಾಮೆಗೆ ಬರುತ್ತಿತ್ತು. ಅಕ್ಕನೇ ಆ ದಿನದ ಒಬ್ಬಳೇ ನಿಜವಾದ ಸಾಕ್ಷಿ, ಅವಳನ್ನು ನಾವು ಎರಡು ಗಂಟೆಯಲ್ಲಿ ಕೆಡಿಸಿಬಿಟ್ಟಿದ್ದೆವು. ನಾನೂ ಕೇಳಿದವರಲ್ಲಿ ಒಬ್ಬ.

ಹೊರಗಿನವನ ಮೇಲಿನ ಅನುಮಾನ ಎಷ್ಟು ದೂರ ಹೋಗಬಹುದು ಎಂಬುದನ್ನು ಕರ್ನಾಟಕ 2018ರಲ್ಲೇ ನೋಡಿದೆ. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಯುವಕನೊಬ್ಬನನ್ನು ಮಕ್ಕಳ ಕಳ್ಳ ಎಂದು ಹೊಡೆದು ಕೊಂದರು. ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಶಾಲೆ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು ಎಂಬ ಕಾರಣಕ್ಕೆ ಶುರುವಾದ ಗಲಾಟೆಯಲ್ಲಿ ಹೈದರಾಬಾದಿನ ಎಂಜಿನಿಯರ್ ಒಬ್ಬರ ಪ್ರಾಣ ಹೋಯಿತು. ಆ ವರ್ಷ ದೇಶವೆಲ್ಲ ಓಡಾಡಿದ ವಿಡಿಯೋದಲ್ಲಿ ಬೈಕಿನವರು ಮಗುವನ್ನು ಎತ್ತಿಕೊಂಡು ಹೋಗುವ ದೃಶ್ಯ ಇತ್ತು. ಅದು ಕರಾಚಿಯಲ್ಲಿ, ಕಾಣೆಯಾದ ಮಕ್ಕಳ ಬಗ್ಗೆ ಜಾಗೃತಿ ಮೂಡಿಸಲು ಮಾಡಿದ ಚಿತ್ರ. ಕೊನೆಗೆ ಬೈಕಿನವರು ಮಗುವನ್ನು ವಾಪಸ್ ಬಿಟ್ಟು ಫಲಕ ತೋರಿಸುವ ಭಾಗವನ್ನು ಯಾರೋ ಕತ್ತರಿಸಿದ್ದರು. ಅಷ್ಟೇ ಕೆಲಸ. ವಾಟ್ಸ್ಆ್ಯಪ್ ಆಮೇಲೆ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆ ಮಾತ್ರ ಕಳಿಸುವ ಮಿತಿ ಹಾಕಿತು. ಐದು ಕಡೆ ಎಂದರೂ ನಮ್ಮಲ್ಲಿ ಕುಟುಂಬದ ಗ್ರೂಪು, ಬೆಳೆಗಾರರ ಗ್ರೂಪು, ಸಮಾಜದ ಗ್ರೂಪು, ಹಳೇ ವಿದ್ಯಾರ್ಥಿಗಳ ಗ್ರೂಪು, ಮದುವೆಗೆಂದು ಮಾಡಿ ಅಳಿಸದೆ ಬಿಟ್ಟ ಗ್ರೂಪು. ಜಿಲ್ಲೆ ಮುಗಿಯಿತು.

ಈಗ ನಮ್ಮದೇ ಜಿಲ್ಲೆಗೆ ತಾಗಿದ ಎರಡು ಪ್ರಕರಣಗಳು. ಒಂದು, ಮಗುವಿನದಲ್ಲ, ಹೆಂಗಸಿನದು, ಆದರೆ ಕಾಣೆಯಾದವರ ತನಿಖೆ ಹೇಗೆ ಹಾದಿ ತಪ್ಪುತ್ತದೆ ಎನ್ನುವುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಇಲ್ಲ. ಕುಶಾಲನಗರ ಕಡೆಯ ವ್ಯಕ್ತಿಯೊಬ್ಬ 2020ರಲ್ಲಿ ಹೆಂಡತಿ ಕಾಣೆಯಾಗಿದ್ದಾಳೆಂದು ತಾನೇ ದೂರು ಕೊಟ್ಟ. ಬೆಟ್ಟದಪುರ ಬಳಿ ಒಂದು ಅಸ್ಥಿಪಂಜರ ಸಿಕ್ಕಿತ್ತು. ಅದು ಆಕೆಯದೇ, ಕೊಂದವನು ಇವನೇ ಎಂದು ಅವನನ್ನು ಜೈಲಿಗೆ ಕಳಿಸಿದರು. ಡಿಎನ್‌ಎ ವರದಿ ಬರುವ ಮೊದಲೇ ಆರೋಪಪಟ್ಟಿಯೂ ಆಯಿತು. ವರದಿ ಹೊಂದಲಿಲ್ಲ. 2025ರ ಏಪ್ರಿಲ್‌ನಲ್ಲಿ ಆ ಹೆಂಡತಿ ಮಡಿಕೇರಿಯ ಹೋಟೆಲೊಂದರಲ್ಲಿ ಕಾಣಿಸಿಕೊಂಡಳು. ಮೈಸೂರಿನ ನ್ಯಾಯಾಲಯ ಅವನನ್ನು ಗೌರವಪೂರ್ವಕವಾಗಿ ಬಿಡುಗಡೆ ಮಾಡಿತು. ಆ ಅಸ್ಥಿಪಂಜರ ಯಾರದು? ಎಲ್ಲರೂ ಉತ್ತರ ಗೊತ್ತೆಂದುಕೊಂಡಿದ್ದ ಅಷ್ಟು ವರ್ಷ ಈ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಎಲ್ಲೋ ಇನ್ನೊಂದು ಮನೆಯವರು ಇನ್ನೊಬ್ಬರಿಗಾಗಿ ಕಾಯುತ್ತಿದ್ದಿರಬಹುದಲ್ಲ.

ಇನ್ನೊಂದು, ಹಳೆಯದು. ಮನೆಗೆಲಸಕ್ಕೆಂದು ಕಾಸರಗೋಡಿನ ಗುತ್ತಿಗೆದಾರನ ಮನೆ ಸೇರಿದ್ದ ಕೊಡಗಿನ 13 ವರ್ಷದ ಬಾಲಕಿ 2006ರ ಡಿಸೆಂಬರಿನಲ್ಲಿ ಕಾಣೆಯಾದಳು ಎಂದು ದೂರು ದಾಖಲಾಯಿತು. ದೂರು ಕೊಟ್ಟವನು ಆ ಗುತ್ತಿಗೆದಾರನೇ. ಅವನು ಹೇಳಿದ ಜಾಗದಿಂದಲೇ ಹುಡುಕಾಟ ಶುರುವಾಯಿತು, ಒಂದೂವರೆ ವರ್ಷ ಏನೂ ಸಿಗಲಿಲ್ಲ. ಸಿಗುವುದು ಸಾಧ್ಯವೂ ಇರಲಿಲ್ಲ, ಏಕೆಂದರೆ ಆಕೆ ಸತ್ತದ್ದು ಗೋವಾದಲ್ಲಿ. ಕಾಸರಗೋಡಿನಲ್ಲಿ ಜನ ಕ್ರಿಯಾ ಸಮಿತಿ ಕಟ್ಟಿ ಧರಣಿ ಕೂತರು, ತನಿಖೆ ಕ್ರೈಂ ಬ್ರಾಂಚಿಗೆ ಹೋಯಿತು. 2008ರಲ್ಲಿ ಗೋವಾದ ಅಣೆಕಟ್ಟು ಕಾಮಗಾರಿಯ ಜಾಗದಲ್ಲಿ ಅವಳ ಅವಶೇಷ ಸಿಕ್ಕಿತು. 2015ರಲ್ಲಿ ಗುತ್ತಿಗೆದಾರನಿಗೆ ಮರಣದಂಡನೆಯಾಯಿತು, ಆಮೇಲೆ ಹೈಕೋರ್ಟ್ ಅದನ್ನು ಜೀವಾವಧಿಗೆ ಇಳಿಸಿತು. ಲೈನ್ ಮನೆಯಿಂದಲೋ ಬಡ ಮನೆಯಿಂದಲೋ ಹೊರಡುವ ಹುಡುಗಿಯರ ಅಪಾಯ ಎಲ್ಲಿರುತ್ತದೆ ಎಂಬುದನ್ನು ಈ ಪ್ರಕರಣ ತೋರಿಸಿತು. ಗೇಟಿನಾಚೆ ನಿಂತ ಅಪರಿಚಿತನಲ್ಲಿ ಅಲ್ಲ, ಊಟ ಬಟ್ಟೆ ಕೊಟ್ಟು ಓದಿಸುತ್ತೇನೆಂದು ಕರೆದುಕೊಂಡು ಹೋದವರ ಅಡುಗೆಮನೆಯಲ್ಲಿ.

ಧರಣಿ ಕೂತವರು ಇಲ್ಲಿ ಮುಖ್ಯ. ಜನರ ಗಮನವೇ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಗಮನ ಇಲ್ಲದ ಪ್ರಕರಣಗಳು ಕಡತದಲ್ಲಿ ಹೇಗೆ ಸಾಯುತ್ತವೆ ಎಂದು ಬಡವರನ್ನು ಕೇಳಬೇಕು. ಆದರೆ ಜನ ಕೇಳಬೇಕಾದದ್ದು ಕೆಲಸವನ್ನು. ಹೇಳಿಕೆ ಮತ್ತೆ ತೆಗೆದುಕೊಂಡಿರಾ? ದೂರು ಕೊಟ್ಟವನ ಮಾತನ್ನು ಪರೀಕ್ಷಿಸಿದಿರಾ? ಬಸ್ ನಿಲ್ದಾಣದ ಸಿಸಿಟಿವಿ ತೆಗೆದಿರಾ? ಈ ಕೊನೆಯದಕ್ಕೆ ಗಡುವೇ ಇದೆ. ಸಿಸಿಟಿವಿ ದೃಶ್ಯ ದಾಖಲಿಸಿಕೊಳ್ಳುವ ಅಂಗಡಿಗಳ ಡಿವಿಆರ್ ಪೆಟ್ಟಿಗೆ ಹದಿನೈದು ದಿನವೋ ತಿಂಗಳೋ ಆದ ಮೇಲೆ ಹಳೆಯದರ ಮೇಲೆ ಹೊಸದನ್ನು ಬರೆದುಕೊಳ್ಳುತ್ತದೆ. ಅದರ ಗಡಿಯಾರ ಹತ್ತು ನಿಮಿಷ ಹಿಂದೆಮುಂದೆ ಇರುವುದೂ ಮಾಮೂಲು. ಆ ವ್ಯತ್ಯಾಸ ಬರೆದಿಟ್ಟುಕೊಳ್ಳದಿದ್ದರೆ "ಮೂರು ಹದಿನೈದಕ್ಕೆ ಕಂಡಿದ್ದ" ಎಂಬುದಕ್ಕೆ ಬೆಲೆಯಿಲ್ಲ. ಇಂಥ ಪ್ರಶ್ನೆ ಕೇಳಲು ಯಾರ ಹೆಸರನ್ನೂ ಹೇಳಬೇಕಾಗಿಲ್ಲ.

ಟವರ್ ಲೊಕೇಶನ್ ಬಗ್ಗೆಯೂ ಒಂದು ಮಾತು. "ಅವನ ಫೋನು ಆ ರಾತ್ರಿ ಕೇರಳದಲ್ಲಿತ್ತಂತೆ" ಎಂಬುದು ನಮ್ಮ ಕಡೆಯ ಊಹೆಗಳಿಗೆಲ್ಲ ಕಿರೀಟ. ಕೇರಳ ಗಡಿಯ ಕುಟ್ಟದ ಕಡೆ ಮನೆ ಇರುವವರಿಗೆ ಗೊತ್ತು, ಅಂಗಳದಲ್ಲಿ ನಿಂತಿದ್ದರೂ ಫೋನು ಕೇರಳದ ಟವರ್ ಹಿಡಿದು ಸ್ವಾಗತದ ಮೆಸೇಜು ತೋರಿಸುತ್ತದೆ. ಒಳಗಿನ ತೋಟಗಳಲ್ಲಿ ಒಂದು ಟವರಿನ ಕೆಳಗೆ ಹಲವು ಎಸ್ಟೇಟುಗಳು ಬರುತ್ತವೆ. ಟವರ್ ಮನೆ ತೋರಿಸುವುದಿಲ್ಲ, ದಿಕ್ಕು ತೋರಿಸಿದರೆ ಹೆಚ್ಚು.

ದಿಕ್ಕು ಎಂದಾಗ, ಕಾಣೆಯಾದವರು ಎಲ್ಲಿದ್ದಾರೆಂದು ಅಂಜನ ಹಾಕಿ, ಪ್ರಶ್ನೆ ಇಟ್ಟು ಹೇಳುವವರು ನೆನಪಾದರು. ಅವರು ಸಾಮಾನ್ಯವಾಗಿ ಹೇಳುವುದು "ನೀರಿನ ಹತ್ತಿರ, ದೊಡ್ಡ ಮರ ಇದೆ" ಎಂದು. ಕೊಡಗಿನಲ್ಲಿ ನೀರೂ ದೊಡ್ಡ ಮರವೂ ಇಲ್ಲದ ಜಾಗ ಹುಡುಕುವುದು ಕಷ್ಟ. ಇದರ ಆಧುನಿಕ ರೂಪ "ಮಂಪರು ಪರೀಕ್ಷೆ ಮಾಡಿಸಲಿ, ಸತ್ಯ ಹೊರಬರುತ್ತದೆ" ಎನ್ನುವುದು. 2010ರ ಮೇ 5ರಂದು, ಕರ್ನಾಟಕದಿಂದಲೇ ಹೋದ ಸೆಲ್ವಿ ಪ್ರಕರಣದಲ್ಲಿ, ಒಪ್ಪಿಗೆಯಿಲ್ಲದೆ ಯಾರಿಗೂ ಮಂಪರು, ಸುಳ್ಳುಪತ್ತೆ ಪರೀಕ್ಷೆ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದೆ. ಮಂಪರಿನಲ್ಲಿ ಬರುವುದು ಸತ್ಯವೇ ಎಂಬ ಖಾತರಿಯೂ ಇಲ್ಲ.

ಪೊಲೀಸರ ಪಾಲೂ ಇದೆ. ಕೆಲವನ್ನು ಅವರು ಹೇಳದಿರುವುದು ಸರಿ. ಮಗು ಯಾವ ಚಪ್ಪಲಿ ಬಿಟ್ಟುಹೋಗಿತ್ತು ಎಂಬಂಥ ಒಂದು ವಿವರವನ್ನು ಬಚ್ಚಿಟ್ಟುಕೊಂಡರೆ, ನಾಳೆ ಬಂದು ತಪ್ಪೊಪ್ಪಿಕೊಳ್ಳುವವನು ನಿಜ ಹೇಳುತ್ತಿದ್ದಾನೋ ಇಲ್ಲವೋ ತಿಳಿಯಲು ಅದೇ ಒರೆಗಲ್ಲು. ಆದರೆ "ತನಿಖೆ ಪ್ರಗತಿಯಲ್ಲಿದೆ" ಎಂಬ ಎರಡು ಪದ ಬಿಟ್ಟು ವಾರಗಟ್ಟಲೆ ಏನೂ ಹೇಳದಿರುವುದಕ್ಕೆ ಅದು ಸಮರ್ಥನೆಯಲ್ಲ. ಯಾವ ಕೆರೆಗಳನ್ನು ನೋಡಿ ಮುಗಿಸಿದ್ದೇವೆ, ಯಾವ ದಿಕ್ಕಿನ ತೋಟಗಳು ಬಾಕಿ, ಹಬ್ಬಿರುವ ಯಾವ ಸುದ್ದಿ ಸುಳ್ಳು: ದಿನಕ್ಕೊಮ್ಮೆ ಇಷ್ಟು ಹೇಳಿದರೆ ಯಾವ ಗುಟ್ಟೂ ಹಾಳಾಗುವುದಿಲ್ಲ. ಹೇಳದಿದ್ದರೆ ಆ ಖಾಲಿ ಜಾಗದಲ್ಲಿ ಯೂಟ್ಯೂಬಿನವನು ಮೈಕು ಹಿಡಿದು ಕೂರುತ್ತಾನೆ.

ಬ್ರಿಟನ್ನಿನ ಪತ್ರಿಕೆಗಳು ಹಾಗೆ ಕೂತಿದ್ದವು. 2007ರಲ್ಲಿ ಪೋರ್ಚುಗಲ್‌ನಲ್ಲಿ ಕಾಣೆಯಾದ ಮೂರು ವರ್ಷದ ಮೆಡಲೀನ್ ಮೆಕ್ಯಾನ್ ಪ್ರಕರಣದಲ್ಲಿ ತಂದೆತಾಯಿಯೇ ಕೊಂದಿರಬೇಕು ಎಂಬ ಧಾಟಿಯಲ್ಲಿ ಬರೆದ ಎರಡು ದಿನಪತ್ರಿಕೆಗಳು 2008ರಲ್ಲಿ ಮುಖಪುಟದಲ್ಲೇ ಕ್ಷಮೆ ಕೇಳಿದವು, ಅವುಗಳ ಒಡೆತನದ ಸಂಸ್ಥೆ 5.5 ಲಕ್ಷ ಪೌಂಡ್ ಪರಿಹಾರ ಕೊಟ್ಟಿತು. ಮಗು ಇಂದಿಗೂ ಸಿಕ್ಕಿಲ್ಲ. ಕೇರಳದ ಆಲಪ್ಪುಳದಲ್ಲಿ 2005ರ ಮೇ ತಿಂಗಳಲ್ಲಿ ಮನೆ ಪಕ್ಕ ಆಡುತ್ತಿದ್ದ ಏಳು ವರ್ಷದ ಹುಡುಗನೂ ಸಿಕ್ಕಿಲ್ಲ, ಸಿಬಿಐ ತನಿಖೆಯಾದ ಮೇಲೂ.

ಹೀಗೆ ನಿಂತುಹೋದ ಪ್ರಕರಣದಲ್ಲಿ ಮನೆಯವರಿಗೆ ಕಾನೂನು ಕೊಟ್ಟಿರುವ ಕೆಲವು ಹಿಡಿಗಳಿವೆ. ನಮ್ಮ ಕಡೆ ಅವನ್ನು ಬಳಸಿದವರು ಕಡಿಮೆ. ಎಫ್‌ಐಆರ್ ಪ್ರತಿ ಉಚಿತವಾಗಿ ಸಿಗಬೇಕು. ತನಿಖೆ ಎಲ್ಲಿಗೆ ಬಂದಿದೆ ಎಂದು 90 ದಿನಗಳೊಳಗೆ ದೂರುದಾರರಿಗೆ ತಿಳಿಸುವುದು ಹೊಸ ನಾಗರಿಕ ಸುರಕ್ಷಾ ಸಂಹಿತೆಯ 193ನೇ ಸೆಕ್ಷನ್ ಪ್ರಕಾರ ಪೊಲೀಸರ ಕರ್ತವ್ಯ. ನಾಲ್ಕು ತಿಂಗಳಾದರೂ ಮಗು ಸಿಗದಿದ್ದರೆ ಕಡತ ಮಾನವ ಕಳ್ಳಸಾಗಣೆ ತಡೆ ಘಟಕಕ್ಕೆ ಹೋಗಬೇಕು. ಕಾಣೆಯಾದವರನ್ನು ಹಾಜರುಪಡಿಸಿ ಎಂದು ಕೋರುವ ಹೇಬಿಯಸ್ ಕಾರ್ಪಸ್ ಅರ್ಜಿಯನ್ನು ಹೈಕೋರ್ಟಿಗೆ ಹಾಕಿದರೆ ಪೊಲೀಸರು ನ್ಯಾಯಾಧೀಶರ ಮುಂದೆ ಸ್ಥಿತಿಗತಿ ವರದಿ ಇಡಬೇಕಾಗುತ್ತದೆ. ತಂದೆತಾಯಿಯ ಡಿಎನ್‌ಎ ಮಾದರಿ ಕೊಟ್ಟಿಟ್ಟರೆ ಮುಂದೆ ಎಲ್ಲೋ ಸಿಗುವ ಅನಾಮಧೇಯ ಅವಶೇಷದ ಜೊತೆ ಹೋಲಿಸಬಹುದು. ಕೇಳಲಿಕ್ಕೆ ಕ್ರೂರ, ಕುಶಾಲನಗರದ ಪ್ರಕರಣ ನೋಡಿದ ಮೇಲೆ ಬೇಡ ಎನ್ನಲಾಗದು. ಏನಾದರೂ ಕಣ್ಣಿಗೆ ಬಿದ್ದವರು ಮಕ್ಕಳ ಸಹಾಯವಾಣಿ 1098 ಅಥವಾ ತುರ್ತು ಸಂಖ್ಯೆ 112ಕ್ಕೆ ಹೇಳಬಹುದು. ಕಂಡದ್ದನ್ನು ಕಂಡ ಹಾಗೆ, ಯಾರ ಜೊತೆಯೂ ಚರ್ಚಿಸುವ ಮೊದಲು.

ಫೋಟೋ ವಿಷಯದಲ್ಲಿ ಒಂದು ಸೂಕ್ಷ್ಮ ಇದೆ. ಹುಡುಕುವಾಗ ಮಗುವಿನ ಮುಖ ಎಲ್ಲರಿಗೂ ಗೊತ್ತಾಗಬೇಕು. ಸಿಕ್ಕ ಮೇಲೆ, ಅದರಲ್ಲೂ ದೌರ್ಜನ್ಯ ನಡೆದಿದ್ದರೆ, ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಮತ್ತು ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಅದೇ ಮುಖ, ಹೆಸರು, ಶಾಲೆ ಯಾವುದನ್ನೂ ತೋರಿಸುವಂತಿಲ್ಲ. 2018ರಲ್ಲಿ, ಜಮ್ಮುವಿನ ಕಠುವಾದಲ್ಲಿ ಅತ್ಯಾಚಾರಕ್ಕೊಳಗಾಗಿ ಕೊಲೆಯಾದ ಬಾಲಕಿಯ ಗುರುತು ಬಯಲು ಮಾಡಿದ ಮಾಧ್ಯಮ ಸಂಸ್ಥೆಗಳಿಗೆ ದೆಹಲಿ ಹೈಕೋರ್ಟ್ ತಲಾ 10 ಲಕ್ಷ ರೂಪಾಯಿ ಕಟ್ಟಿಸಿತ್ತು. ಮೊಬೈಲಿನಲ್ಲಿ ಈ ಗೆರೆ ಇಲ್ಲ. ಹೊರಟ ಫೋಟೋಗೆ ಮಗು ಸಿಕ್ಕಿದ್ದು ತಿಳಿಯುವುದಿಲ್ಲ.

ಕೆಲವು ವರ್ಷಗಳ ಹಿಂದೆ ನಾನೇ ಒಂದು ಫೋಟೋ ಕಳಿಸಿದ್ದೆ. ನೀಲಿ ಶರ್ಟಿನ ಹುಡುಗ, ಕೆಳಗೆ ಅಪ್ಪನ ನಂಬರು, "ದಯವಿಟ್ಟು ಶೇರ್ ಮಾಡಿ". ಹುಡುಗ ಅದೇ ಸಂಜೆ ಅಜ್ಜಿಯ ಮನೆಯಲ್ಲಿ ಸಿಕ್ಕಿದ್ದ. ಕಳೆದ ತಿಂಗಳು ಅದೇ ಫೋಟೋ ಮತ್ತೆ ನನಗೆ ಬಂತು, ಈ ಸಲ ಯಾವುದೋ ಬೇರೆ ಜಿಲ್ಲೆಯ ಹೆಸರಿತ್ತು. ಸುಮ್ಮನಿರಲಾರದೆ ಆ ನಂಬರಿಗೆ ಫೋನ್ ಮಾಡಿದೆ. ಅಪ್ಪನೇ ಎತ್ತಿದರು. ನಾನು ಬಾಯಿ ತೆರೆಯುವ ಮೊದಲೇ, "ಸಿಕ್ಕಿದ್ದಾನೆ ಸಾರ್, ಈಗ ಪಿಯುಸಿ ಓದ್ತಿದ್ದಾನೆ" ಅಂದರು.